ಮಣ್ಣುಪಾಲಾದ ಅಂಗಿ

ನಮ್ಮ ದೊಡ್ಡಪ್ಪ ಹೊಲಿದ ಬಟ್ಟೆ ಹರಿಯುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಂಡವರ ಮನೆಯಲ್ಲಿ ಟೈಲರ್ ದೊಡ್ಡಪ್ಪ ಇಲ್ಲ ಎಂದು ಅರ್ಥ. ನನ್ನ ಬಾಲ್ಯವೆಲ್ಲ ಒಂದು ಕಂದು ಫ್ರಾಕಿನೊಳಗೆ ಕಳೆದುಹೋಯಿತು. ನನಗಿಂತ ಮೊದಲು ಅದನ್ನು ಅಕ್ಕ ಹಾಕಿದ್ದಳು, ಅಕ್ಕನಿಗಿಂತ ಮೊದಲು ಚಿಕ್ಕಪ್ಪನ ಮಗಳು. ಕೆಳಗೆ ಒಂದು ಗೇಣು ಬಟ್ಟೆ ಒಳಕ್ಕೆ ಮಡಚಿಟ್ಟಿರುತ್ತಿತ್ತು. ನಾವು ಉದ್ದವಾದ ಹಾಗೆಲ್ಲ ದೊಡ್ಡಪ್ಪ ಅದನ್ನು ಬಿಚ್ಚಿ ಇಳಿಸುತ್ತಿದ್ದರು. ಹೊಸ ಫ್ರಾಕ್ ಬೇಕೆಂದರೆ ಒಂದೇ ಪ್ರಶ್ನೆ, "ಹಳೇದು ಹರಿದಿದ್ಯಾ?" ಹರಿಯಲಿ ಎಂದು ನಾನು ಅದನ್ನು ಬೇಲಿಯ ತಂತಿಗೆ ಸಿಕ್ಕಿಸಿ ಮೈಯ ಬಲವೆಲ್ಲ ಹಾಕಿ ಎಳೆದೂ ಇದ್ದೇನೆ. ತಂತಿ ಬಗ್ಗಿತು. ಫ್ರಾಕಿಗೆ ಏನೂ ಆಗಲಿಲ್ಲ.

ಊರಿನವರು ಅವರನ್ನು ಗಟ್ಟಿ ಟೈಲರ್ ಎಂದೇ ಕರೆಯುವುದು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕ್ಷೌರದಂಗಡಿಗೆ ಗೋಡೆ ಅಂಟಿಕೊಂಡ ಒಂದು ಕೋಣೆ. ಬಾಗಿಲ ಬೆಳಕಿಗೆ ಮುಖ ಮಾಡಿ ಕಾಲು ಮಿಷನ್ನು, ಅದರ ಪಕ್ಕ ಎದೆಮಟ್ಟದ ಕತ್ತರಿಸುವ ಮೇಜು, ಮೇಜಿನ ಅಂಚಿಗೆ ಮೊಳೆ ಹೊಡೆದು ಕೂರಿಸಿದ ಟೇಪು, ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ಚಿಂದಿ. ಎದುರು ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಬಿಳಿ ಅಂಗಿ. ದೊಡ್ಡಪ್ಪ ಕೆಲಸ ಕಲಿಯುವಾಗ ಉಸ್ತಾದರ ಎದುರು ಕೂತು ಮೊದಲ ಸಲ ಪೂರ್ತಿಯಾಗಿ ಹೊಲಿದ ಅಂಗಿ ಅದು. ಅಂಗಡಿಗೆ ಗುಂಡಿ ಹಾಕಿಸಲು ಬಂದವರೂ ಅದರ ಕಥೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ.

"ಶುದ್ಧ ಹತ್ತಿ. ದಾರಾನೂ ಹತ್ತೀನೇ. ಉಸ್ತಾದರು ಎರಡೂ ಕೈಲಿ ಹಿಡಿದು ಎಳೆದು ನೋಡಿದ್ರು. ಒಂದು ಹೊಲಿಗೆ ಕದಲಿಲ್ಲ. ಇವತ್ತಿಗೂ ಕದಲಿಲ್ಲ."

ಪಕ್ಕದ ಅಂಗಡಿಯ ಕ್ಷೌರಿಕ ಗೋಡೆಯಾಚೆಯಿಂದ ಇದನ್ನು ದಿನಾ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ದೊಡ್ಡಪ್ಪ "ಒಂದು ಹೊಲಿಗೆ" ಎನ್ನುವಷ್ಟರಲ್ಲಿ ಅವನು ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಲೇ "ಕದಲಿಲ್ಲ" ಎಂದು ಮುಗಿಸುತ್ತಿದ್ದ.

ಈ ಗಟ್ಟಿತನದ ನಿಜವಾದ ಬಲಿಪಶು ನಾನಲ್ಲ, ದೊಡ್ಡಮ್ಮ. ಮದುವೆಯಾದ ವರ್ಷ ಗಂಡ ಹೊಲಿದುಕೊಟ್ಟ ಹಸಿರು ಕೋಟನ್ನೇ ಅವಳು ಕೆಲಸಕ್ಕೂ ಪೇಟೆಗೂ ಹಾಕಿಕೊಂಡು ಓಡಾಡುತ್ತಿದ್ದಳು. ಬಣ್ಣ ಹೋಗಿ ಅದು ಹಸಿರೋ ಬೂದಿಯೋ ಎಂದು ವಾದಿಸಬಹುದಾಗಿತ್ತು. ತೋಳು ಬಿಗಿಯಾಗಿ ಕೈ ಮೇಲೆತ್ತಲು ಕಷ್ಟವಾಗುತ್ತಿತ್ತು. ಆದರೆ ಹರಿದಿರಲಿಲ್ಲ.

"ಊರಿಗೆಲ್ಲ ಹೊಲಿದುಕೊಡೋರ ಹೆಂಡತಿ ನಾನು. ನನ್ನ ಅವತಾರ ನೋಡು," ಎಂದು ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ನಗುತ್ತಿದ್ದಳು ನಿಜ, ಆದರೆ ಒಂದು ಹೊಸ ಕೋಟಿಗಾಗಿ ಅವಳ ಜೀವ ಎಷ್ಟು ಹಾತೊರೆಯುತ್ತಿತ್ತು ಎಂದು ನನಗೆ ಗೊತ್ತಿತ್ತು. ದೊಡ್ಡಪ್ಪನಿಗೆ ಮಾತ್ರ ಗೊತ್ತಿರಲಿಲ್ಲ. ಹೆಂಡತಿಯ ಮೈಮೇಲಿನ ಕೋಟು ನೋಡಿದಾಗಲೆಲ್ಲ ಅವರಿಗೆ ಕಾಣುತ್ತಿದ್ದದ್ದು ತಮ್ಮ ಹೊಲಿಗೆ ಮಾತ್ರ.

ದೊಡ್ಡಮ್ಮನ ಕೆಲಸ ಊರಾಚೆಯ ಬಯಲಿನಲ್ಲಿ. ಅಲ್ಲಿ ಹಿಂದೆ ಬಣ್ಣ ತಯಾರಿಸುವ ಕಾರ್ಖಾನೆ ಇತ್ತು. ವಯಸ್ಸಿನಲ್ಲಿ ಅವಳು ಅಲ್ಲೇ ಡಬ್ಬ ತೊಳೆಯುವ ವಿಭಾಗದಲ್ಲಿ ದುಡಿದವಳು. ತೊಳೆದ ನೀರನ್ನು ಬಕೆಟ್ಟಿನಲ್ಲಿ ತುಂಬಿ ಹಿಂದಿನ ಬಯಲಿಗೆ ಚೆಲ್ಲಿ ಬರುವುದು ಆಗಿನ ಪದ್ಧತಿ. ಯಾರೂ ತಪ್ಪು ಎಂದಿರಲಿಲ್ಲ. ಕಾರ್ಖಾನೆ ಮುಚ್ಚಿತು, ಬಯಲು ಉಳಿಯಿತು. ಮಣ್ಣಿನಲ್ಲಿ ಸೀಸ, ಸತು, ಇನ್ನೂ ಏನೇನೋ ಸೇರಿಕೊಂಡಿದೆ, ಅಲ್ಲಿ ತಿನ್ನುವಂಥದ್ದನ್ನು ಬೆಳೆಯಬಾರದು ಎಂದು ಬೋರ್ಡು ಹಾಕಿದರು. ನೆಲ ಒಣಗಿದ ಗಂಜಿಯಂತೆ ಪದರುಗಟ್ಟಿತ್ತು. ಗಾಳಿ ಬಂದರೆ ಅದರ ಧೂಳು ನಮ್ಮೆಲ್ಲರ ಕಿಟಕಿಗೆ ಬರುತ್ತಿತ್ತು.

"ತಿನ್ನೋದು ಬೆಳೀಬಾರದು ತಾನೆ? ಉರಿಸೋದು ಬೆಳೆಯೋಣ," ಎಂದು ದೊಡ್ಡಮ್ಮ ಹಳೆಯ ಕಾರ್ಖಾನೆಯ ಹೆಂಗಸರನ್ನೆಲ್ಲ ಕೂಡಿಸಿ ಪುರಸಭೆಯಿಂದ ಆ ಬಯಲನ್ನು ಗುತ್ತಿಗೆಗೆ ಹಿಡಿದಳು. ಆಳೆತ್ತರ ಬೆಳೆಯುವ ಉರುವಲು ಹುಲ್ಲು. ಒಮ್ಮೆ ನೆಟ್ಟರೆ ವರ್ಷ ವರ್ಷವೂ ತಾನೇ ಚಿಗುರುತ್ತದೆ, ಉಳುವ ಕೆಲಸವಿಲ್ಲ. ಒಣಗಿದ ಮೇಲೆ ಕೊಯ್ದು ಪೆಂಡಿ ಕಟ್ಟಿದರೆ ಆಸ್ಪತ್ರೆಯ ಬಾಯ್ಲರಿಗೆ ಹೋಗುತ್ತದೆ, ಅಲ್ಲಿನ ಹಾಸಿಗೆ ಹೊದಿಕೆಗಳನ್ನು ತೊಳೆಯಲು ನೀರು ಕಾಯುತ್ತದೆ. ಆ ಪೆಂಡಿ ಸಾಗಿಸುವ ಟ್ರಕ್ಕಿನ ಡ್ರೈವರ್ ನಾನೇ. ಬಯಲಿನ ಒಂದು ಮೂಲೆಯನ್ನು ಮಾತ್ರ ಹೋಲಿಕೆಗೆಂದು ಹಾಗೇ ಬೋಳಾಗಿ ಬಿಟ್ಟಿದ್ದರು.

ದೊಡ್ಡಮ್ಮನಿಗೆ ಆ ಹುಲ್ಲಿನ ಮೇಲೆ ಎಂಥ ವ್ಯಾಮೋಹ ಎಂದರೆ, ಒಂದು ದಿನ ಯಾಕೆ ಎಂದು ಕೇಳಿಯೇ ಬಿಟ್ಟೆ. ಅವಳು ಕುಡುಗೋಲು ಕೆಳಗಿಟ್ಟಳು. "ಆ ಬಕೆಟ್ ನೀರು ಚೆಲ್ಲಿದ ಕೈ ಇದೇ ಕಣೇ. ಈ ನೆಲಾನ ಸಾಯಿಸಿದವರಲ್ಲಿ ನಾನೂ ಒಬ್ಬಳು. ಇದು ಉಸಿರಾಡೋದನ್ನ ನೋಡ್ದೆ ಹೋಗಲ್ಲ."

ಉಸಿರಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಒಬ್ಬರು ಬರುತ್ತಿದ್ದರು, ಸಂಶೋಧನಾ ಕೇಂದ್ರದವರು. ನಾವು ಅವರನ್ನು ಮಣ್ಣಿನ ಮೇಡಂ ಎನ್ನುತ್ತಿದ್ದೆವು. ಹುಲ್ಲಿನ ಬುಡದಿಂದ ಮುಷ್ಟಿ ಮಣ್ಣು ತೆಗೆದು ಆಲಿಕೆಯಲ್ಲಿ ಹಾಕಿ ಮೇಲೆ ಬಲ್ಬು ಉರಿಸುತ್ತಿದ್ದರು. ಬಿಸಿ ತಡೆಯದೆ ಮಣ್ಣಿನೊಳಗಿನ ಸೂಕ್ಷ್ಮ ಹುಳಗಳು ಕೆಳಕೆಳಕ್ಕೆ ಇಳಿದು ಬಾಟಲಿಗೆ ಬೀಳುತ್ತಿದ್ದವು. ಮೊದಲ ವರ್ಷ ಬಾಟಲಿ ಖಾಲಿ ಎನ್ನುವ ಹಾಗಿತ್ತು. ಆಮೇಲೆ ಆಮೇಲೆ ಅದರಲ್ಲಿ ಸಂತೆ ನೆರೆಯತೊಡಗಿತು.

"ಎಲೆ ಉದುರುತ್ತಲ್ಲ, ಅದೇ ಇವರ ಊಟ," ಎಂದು ಮೇಡಂ ಹೆಂಗಸರಿಗೆ ಹೇಳುತ್ತಿದ್ದರು. "ಮೊದಲು ಶಿಲೀಂಧ್ರ ಬಂದು ಎಲೇನ ಮೆತ್ತಗೆ ಮಾಡುತ್ತೆ, ಆಮೇಲೆ ಈ ಪುಟಾಣಿ ಹುಳಗಳು, ಅವುಗಳ ಹಿಂದೆ ಎರೆಹುಳು. ನೀವು ಉಳಲ್ಲ, ಹಾಗಾಗಿ ಅವರ ಮನೆ ಯಾರೂ ಕೆಡವಲ್ಲ. ಆದ್ರೆ ವಿಷ ಎಲ್ಲೂ ಹೋಗಿಲ್ಲ, ನೆನಪಿರಲಿ. ಬೇರು ಅದನ್ನ ಹಿಡಿದಿಟ್ಟುಕೊಂಡಿದೆ ಅಷ್ಟೆ. ಎರೆಹುಳುವಿನ ಹೊಟ್ಟೇಲೂ ಸ್ವಲ್ಪ ಇದೆ. ಕೋಳಿ ಬಿಡಬೇಡಿ ಇಲ್ಲಿ."

ಅಂದಿನಿಂದ ಪಕ್ಕದ ಮನೆಯ ಕೋಳಿಗಳ ಗ್ರಹಚಾರ ಕೆಟ್ಟಿತು. ದೊಡ್ಡಮ್ಮ ಆ ಬಿಗಿ ಕೋಟಿನಲ್ಲೇ ಅವುಗಳನ್ನು ಬಯಲಿನುದ್ದಕ್ಕೂ ಅಟ್ಟಿಸಿಕೊಂಡು ಹೋಗುವುದನ್ನು ನೋಡುವುದೇ ಒಂದು ಮಜಾ.

ಹೀಗಿರುವಾಗ ಪುರಸಭೆಯ ಅಧ್ಯಕ್ಷರಿಗೆ ಲಾರಿ ನಿಲ್ಲಿಸಲು ಜಾಗ ಬೇಕಾಯಿತು. ಬಯಲಿಗೆ ಕಾಂಕ್ರೀಟು ಸುರಿದರೆ ಲಾರಿಗೂ ಆಯಿತು, ಧೂಳಿಗೂ ಆಯಿತು ಎಂಬುದು ಅವರ ಲೆಕ್ಕಾಚಾರ. "ಸತ್ತ ನೆಲ. ಮೇಲೆ ಹುಲ್ಲಿದ್ರೇನು, ಲಾರಿ ನಿಂತ್ರೇನು?" ಮೇಡಂ ಬಾಟಲಿ ತಂದು ತೋರಿಸಿದರು. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಧೂಳು ಕಾಣ್ತಿದೆ."

"ಧೂಳಲ್ಲ ಸಾರ್, ಓಡಾಡ್ತಿದೆ ನೋಡಿ."

"ಧೂಳೂ ಓಡಾಡುತ್ತೆ ಮೇಡಂ. ನಮ್ಮಂಥವರ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತೋರಿಸಿ."

ಆಗ ಮೇಡಂ ಒಂದು ಉಪಾಯ ಹೇಳಿದರು. ಹತ್ತಿಯ ಬಟ್ಟೆಯನ್ನು ಹುಲ್ಲಿನ ನೆಲದಲ್ಲಿ ಒಂದಿಷ್ಟು, ಬೋಳು ನೆಲದಲ್ಲಿ ಒಂದಿಷ್ಟು ಹೂತಿಡುವುದು. ಎರಡು ತಿಂಗಳು ಬಿಟ್ಟು ತೆಗೆಯುವುದು. ಮಣ್ಣಿನಲ್ಲಿ ಜೀವ ಇದ್ದರೆ ಬಟ್ಟೆಯನ್ನು ತಿಂದು ಹಾಕಿರುತ್ತದೆ. ಜೀವ ಇಲ್ಲದಿದ್ದರೆ ಬಟ್ಟೆ ಹಾಗೇ ಇರುತ್ತದೆ. ಬೇರೆ ಕಡೆ ಇದಕ್ಕೆ ಚಡ್ಡಿ ಹೂಳುತ್ತಾರೆ ಎಂದೂ ಸೇರಿಸಿದರು. ಅಧ್ಯಕ್ಷರು ಕೆಮ್ಮಿ, ಪುರಸಭೆಯ ಕಾರ್ಯಕ್ರಮದಲ್ಲಿ ಚಡ್ಡಿ ಬೇಡ, ಚೌಕದ ಬಟ್ಟೆ ಸಾಕು ಎಂದರು. ಊರಿನ ಟೈಲರ್ ಇರುವಾಗ ಬೇರೆ ಯಾರ ಹತ್ತಿರ ಹೋಗುವುದು? ಹುಲ್ಲಿನ ನೆಲದ ಬಟ್ಟೆಗೆ ಕೆಂಪು ದಾರದ ಗುರುತು, ಬೋಳು ನೆಲದ್ದಕ್ಕೆ ನೀಲಿ ಗುರುತು ಎಂದು ತೀರ್ಮಾನವಾಯಿತು.

ದೊಡ್ಡಪ್ಪ ಆ ಸಭೆಗೆ ಹೋಗಿರಲಿಲ್ಲ, ಯಾರದೋ ಮದುವೆಯ ಪ್ಯಾಂಟು ಬಾಕಿ ಇತ್ತು. ಊಟಕ್ಕೆ ಕೂತಾಗ ದೊಡ್ಡಮ್ಮ ಅವಸರದಲ್ಲಿ ಹೇಳಿದ್ದು ಇಷ್ಟೇ: "ರೀ, ಹತ್ತಿ ಬಟ್ಟೆ ಚೌಕ ಚೌಕ ಹೊಲಿದುಕೊಡಬೇಕಂತೆ. ನಮ್ಮ ಹುಲ್ಲಿನದಕ್ಕೆ ಕೆಂಪು ಗುರುತು, ಬೋಳು ನೆಲದ್ದಕ್ಕೆ ನೀಲಿ. ಹೂತಿಟ್ಟು ತೆಗೀತಾರಂತೆ. ಬಟ್ಟೆ ನೋಡಿ ಮಣ್ಣು ಹೇಗಿದೆ ಅಂತ ಹೇಳ್ತಾರಂತೆ. ನಮ್ಮ ಹುಲ್ಲು ಉಳಿಯೋದು ಬಿಡೋದು ಅದರ ಮೇಲೇ ಇದೆ."

ದೊಡ್ಡಪ್ಪ ತುತ್ತು ಕೈಯಲ್ಲಿ ಹಿಡಿದು ಯೋಚಿಸಿದರು. ನನ್ನ ಎದುರಿಗೇ ಯೋಚಿಸಿದರು, ನನಗೆ ಏನೂ ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು! ಜೀವನವಿಡೀ ಬಟ್ಟೆಯ ಜೊತೆ ಕಳೆದ ಮನುಷ್ಯ. ಬಟ್ಟೆ ತೂತಾಯಿತೆಂದರೆ ಅದನ್ನು ಕೆಟ್ಟ ಜಾಗದಲ್ಲಿ ಇಟ್ಟಿದ್ದರು ಎಂದು ಅರ್ಥ: ಪೆಟ್ಟಿಗೆಗೆ ಹುಳ ಬಿದ್ದಿದೆ, ಗೋಡೆಗೆ ಥಂಡಿ ಇದೆ, ಆಸಿಡ್ ತಾಗಿದೆ. ಒಳ್ಳೆಯ ಜಾಗದಲ್ಲಿಟ್ಟ ಬಟ್ಟೆ ಇಟ್ಟ ಹಾಗೇ ಇರುತ್ತದೆ. ಅಂದಮೇಲೆ ಒಳ್ಳೆಯ ಮಣ್ಣಿನಲ್ಲಿಟ್ಟ ಬಟ್ಟೆ? ಇದರಲ್ಲಿ ಕೇಳುವುದಕ್ಕೆ ಏನಿದೆ ಎಂದು ಅವರು ಯಾರನ್ನೂ ಕೇಳಲಿಲ್ಲ.

ಹೆಂಡತಿಯನ್ನು ಗೆಲ್ಲಿಸಲೇಬೇಕು ಎಂದು ನಿರ್ಧರಿಸಿ ಅಂಗಡಿಯ ಪರದೆ ಎಳೆದುಕೊಂಡರು. ನನ್ನನ್ನೂ ಒಳಗೆ ಬಿಡಲಿಲ್ಲ. ಮಿಷನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಕ್ಷೌರಿಕ ಗೋಡೆ ಬಡಿದು, "ಏನ್ರೀ, ಹಡಗಿಗೆ ಹಾಯಿ ಹೊಲಿತಿದ್ದೀರಾ?" ಎಂದು ಕೂಗಿದ.

ಅವರು ಕೊಟ್ಟ ಚೌಕಗಳನ್ನು ಹೂತಿಟ್ಟು ಎರಡು ತಿಂಗಳು ಕಳೆಯಿತು. ಬಟ್ಟೆ ತೆಗೆಯುವ ದಿನ ಬಯಲಿಗೆ ಅರ್ಧ ಊರು ಬಂದಿತ್ತು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಲೆಗೆ ಎಣ್ಣೆ ಸವರಿ, ಮುಂದಿನ ಸಾಲಿನಲ್ಲೇ ನಿಂತಿದ್ದರು. ಮೊದಲು ಬೋಳು ನೆಲ ಅಗೆದರು. ನೀಲಿ ಗುರುತಿನ ಬಟ್ಟೆಗಳು ಅಲ್ಲಲ್ಲಿ ತೂತಾಗಿ, ಕೆಲವು ಚಿಂದಿಯಾಗಿ ಬಂದವು. ಮೇಡಂ ಹುಬ್ಬು ಗಂಟಿಕ್ಕಿದರು. ಬೋಳು ನೆಲದಲ್ಲೇ ಇಷ್ಟಾದರೆ ಹುಲ್ಲಿನ ನೆಲದಲ್ಲಿ ಏನೂ ಉಳಿದಿರಲಾರದು ಎಂದು ದೊಡ್ಡಮ್ಮ ನನ್ನ ಕೈ ಹಿಂಡಿದಳು. ಹುಲ್ಲಿನ ಬುಡ ಅಗೆದರು. ಕೆಂಪು ಗುರುತಿನ ಬಟ್ಟೆ ಬಂತು. ಮೇಡಂ ಅದನ್ನು ಕೊಡವಿದರು. ಮಣ್ಣೆಲ್ಲ ಉದುರಿ, ಆಗ ತಾನೇ ಅಂಗಡಿಯಿಂದ ತಂದ ಹಾಗೆ, ನಾಲ್ಕು ಮೂಲೆ ನೆಟ್ಟಗೆ ನಿಂತಿತು. ಇನ್ನೊಂದನ್ನು ತೆಗೆದರು, ಅದೂ ಹಾಗೇ. ಮತ್ತೊಂದೂ ಹಾಗೇ.

ಅರ್ಧ ಊರಿನ ನಡುವೆ ಒಂದೇ ಒಂದು ಚಪ್ಪಾಳೆ.

"ನೋಡಿದ್ರಾ?" ದೊಡ್ಡಪ್ಪನ ಮುಖ ಅರಳಿ ಊರಗಲ ಆಗಿತ್ತು. "ಒಂದು ದಾರ ಕದಲಿಲ್ಲ! ಹೇಗಿದೆ ನಮ್ಮವಳ ಮಣ್ಣು?"

ಅಧ್ಯಕ್ಷರು ತಲೆಯಾಡಿಸಿದರು. "ಬೋಳು ನೆಲದಲ್ಲಾದ್ರೂ ಒಂಚೂರು ಜೀವ ಇದೆ. ಹುಲ್ಲು ಹಾಕಿ ಅದನ್ನೂ ಕೊಂದಿದ್ದೀರಿ. ಮುಂದಿನ ಸಭೇಲಿ ಹುಲ್ಲು ಕೀಳಿಸೋ ತೀರ್ಮಾನ ಮಾಡ್ತೀವಿ." ಎಲ್ಲೋ ತಪ್ಪಾಗಿದೆ, ನನ್ನ ಬಾಟಲಿಗಳು ಬೇರೆಯೇ ಹೇಳುತ್ತಿವೆ ಎಂದು ಮೇಡಂ ಹೇಳುತ್ತಲೇ ಇದ್ದರು. ಕೇಳುವವರು ಯಾರೂ ಇರಲಿಲ್ಲ.

ದೊಡ್ಡಮ್ಮ ಕೆಂಪು ಗುರುತಿನ ಒಂದು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ತಿರುವಿ ತಿರುವಿ ನೋಡುತ್ತಿದ್ದಳು. ಟ್ರಕ್ಕಿನಲ್ಲಿ ನಮ್ಮಿಬ್ಬರ ನಡುವೆ ಕೂತ ದೊಡ್ಡಪ್ಪ ಮುನಿಸಿಕೊಂಡಿದ್ದರು: ಇಷ್ಟು ಚೆನ್ನಾಗಿ ಬಂದ ಬಟ್ಟೆ ನೋಡಿಯೂ ಆ ಅಧ್ಯಕ್ಷನ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲಿಲ್ಲವಲ್ಲ! ಮನೆಗೆ ಬಂದವಳೇ ದೊಡ್ಡಮ್ಮ ಅಡುಗೆಮನೆಗೆ ಹೋಗಿ, ಆ ಬಟ್ಟೆಯಿಂದ ಕಷ್ಟಪಟ್ಟು ಒಂದು ಎಳೆ ಕಿತ್ತು ಒಲೆಯ ಉರಿಗೆ ಹಿಡಿದಳು. ಈ ಪರೀಕ್ಷೆಯನ್ನು ಅವಳಿಗೆ ಕಲಿಸಿದ್ದು ದೊಡ್ಡಪ್ಪನೇ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಇದು ಸುರುಟಿಕೊಂಡು, ಕರಗಿ, ಕರಿ ಮಣಿಯಾಯಿತು.

"ರೀ, ಬನ್ನಿ ಇಲ್ಲಿ. ಇದೇನು?"

"ನೈಲಾನ್ ದಾರ," ಎಂದರು ದೊಡ್ಡಪ್ಪ, ಕೊನೆಗೂ ಯಾರೋ ಕೇಳಿದರಲ್ಲ ಎಂಬ ಖುಷಿಯಲ್ಲಿ. "ಬಟ್ಟೇನೂ ಹತ್ತಿ ಅಲ್ಲ, ಡೇರೆ ಬಟ್ಟೆ. ಡಬಲ್ ಹೊಲಿಗೆ. ಮೇಲೆ ಮೇಣಾನೂ ಸವರಿದೀನಿ. ಯಾರಿಗೂ ಗೊತ್ತಾಗಲಿಲ್ಲ ನೋಡು! ನೀಲಿ ಗುರುತಿನದಕ್ಕೆ ಮಾತ್ರ ಸವೆದುಹೋದ ಹಳೇ ಬೆಡ್‌ಶೀಟು ಕತ್ತರಿಸಿಬಿಟ್ಟೆ. ಅಧ್ಯಕ್ಷರ ಕಡೆಯದು ತಾನೆ, ಹೇಗಿದ್ರೇನು."

ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದಳು. "ಬಟ್ಟೆ ಹಾಳಾಗಬೇಕಿತ್ತು ಕಣ್ರೀ."

"ಏನು?"

"ಹಾಳಾದ್ರೆ ನಾವು ಗೆದ್ದ ಹಾಗೆ. ಮಣ್ಣಲ್ಲಿರೋ ಹುಳಹುಪ್ಪಟೆ ಬಟ್ಟೆ ತಿನ್ನಬೇಕಿತ್ತು. ತಿಂದ್ರೆ ಮಣ್ಣು ಬದುಕಿದೆ ಅಂತ."

ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬಟ್ಟೆ ನೋಡಿದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಜಗತ್ತಿನಲ್ಲಿ ಮೋಸ ಮಾಡಿ ಸೋತವರಿದ್ದಾರೆ, ಸೋಲುವುದಕ್ಕೆಂದೇ ಇಷ್ಟು ಅಚ್ಚುಕಟ್ಟಾಗಿ ಮೋಸ ಮಾಡಿದವರು ಇವರೊಬ್ಬರೇ. ಆದರೆ ದೊಡ್ಡಮ್ಮನ ಕಣ್ಣಲ್ಲಿ ನೀರಿತ್ತು. ನನ್ನ ನಗು ಅಲ್ಲೇ ನಿಂತಿತು.

"ನಿನಗೋಸ್ಕರ ಕಣೇ ಮಾಡಿದ್ದು," ಎಂದರು ದೊಡ್ಡಪ್ಪ.

"ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ."

ಮುಂದಿನ ಸಭೆಗೆ ದೊಡ್ಡಪ್ಪ ತಾವಾಗಿಯೇ ಹೋದರು. ಪುರಸಭೆಯ ಉದ್ದನೆಯ ಕೋಣೆಯಲ್ಲಿ, ಕಿರುಗುಡುವ ಕುರ್ಚಿಗಳ ಮುಂದೆ ಎದ್ದು ನಿಂತು, ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, ಡೇರೆ ಬಟ್ಟೆಯಿಂದ ಮೇಣದವರೆಗೆ ಎಲ್ಲ ಹೇಳಿದರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಣೆಯ ಸೂರು ಹಾರಿಹೋಗುವಂತೆ ನಕ್ಕರು. ಅಧ್ಯಕ್ಷರು ಕಣ್ಣೊರೆಸಿಕೊಂಡರು.

"ಟೈಲರೇ, ಆಯ್ತಪ್ಪ, ಇನ್ನೊಂದು ಸಲ ಹೂಳೋಣ. ಆದ್ರೆ ನಿಮ್ಮ ಅಂಗಡಿ ಬಟ್ಟೇನ ಇನ್ನು ಯಾರು ನಂಬ್ತಾರೆ?"

"ನಾನೇ ತರ್ತೀನಿ," ಎಂದರು ಮೇಡಂ.

"ನೀವೂ ಆ ಕಡೆಯವರೇ ಅಲ್ವಾ ಮೇಡಂ? ನಾನು ತಂದ್ರೆ ನೀವು ನಂಬಲ್ಲ. ಎರಡೂ ಕಡೆಯವರು ಒಪ್ಪೋ ಹತ್ತಿ ಬಟ್ಟೆ ಈ ಊರಲ್ಲಿ ಎಲ್ಲಿದೆ?"

ಹಿಂದಿನ ಸಾಲಿನಿಂದ ಕ್ಷೌರಿಕನ ದನಿ ಬಂತು. "ಒಂದಿದೆ. ಶುದ್ಧ ಹತ್ತಿ, ದಾರಾನೂ ಹತ್ತೀನೇ. ಊರೆಲ್ಲ ಕೇಳಿದೆ."

ಮತ್ತೆ ನಕ್ಕರು. ಕ್ಷೌರಿಕ ತಮಾಷೆಗೆ ಅಂದದ್ದು. ಆದರೆ ದೊಡ್ಡಪ್ಪ ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. "ರೀ, ಬೇಡ," ಎಂದು ದೊಡ್ಡಮ್ಮ ಮೆಲ್ಲಗೆ ಅಂದಳು. ದೊಡ್ಡಪ್ಪ ಟೋಪಿ ಹಾಕಿಕೊಂಡು ಹೊರಗೆ ನಡೆದರು.

ನಾವು ಅಂಗಡಿ ಮುಟ್ಟುವಷ್ಟರಲ್ಲಿ ಗಾಜಿನ ಪೆಟ್ಟಿಗೆ ತೆರೆದಿತ್ತು, ಅಂಗಿ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು. ದೊಡ್ಡಪ್ಪ ಚಾಕಿನಿಂದ ಬೆನ್ನಿನ ನಟ್ಟನಡುವೆ ಗೆರೆ ಎಳೆಯುತ್ತಿದ್ದರು. ಜೇಬು ಇರುವ ಎಡಭಾಗ ಹುಲ್ಲಿನ ನೆಲಕ್ಕೆ, ಬಲಭಾಗ ಬೋಳು ನೆಲಕ್ಕೆ. ಒಂದೇ ಅಂಗಿಯ ಎರಡು ಹೋಳು, ಇನ್ನು ಯಾರೂ ತಕರಾರು ತೆಗೆಯುವಂತಿಲ್ಲ. ಕತ್ತರಿ ಎತ್ತಿಕೊಂಡರು. ಎಷ್ಟೋ ಸಾವಿರ ಬಟ್ಟೆ ಕತ್ತರಿಸಿದ ಕೈ ಗೆರೆಯ ಮೇಲೆ ಹಾಗೇ ನಿಂತುಬಿಟ್ಟಿತು.

"ಹೊಲಿದಿದ್ದನ್ನ ಯಾವತ್ತೂ ಕತ್ತರಿಸಿಲ್ಲ ಕಣೇ ನಾನು. ಬಿಚ್ಚಿದ್ದೀನಿ. ಕತ್ತರಿಸಿಲ್ಲ."

ದೊಡ್ಡಮ್ಮ ಎದುರು ನಿಂತು, ಬಟ್ಟೆ ಜರುಗದ ಹಾಗೆ ಎರಡೂ ಅಂಚು ಬಿಗಿಯಾಗಿ ಹಿಡಿದಳು. ಕತ್ತರಿ ಓಡಿತು. ಪಕ್ಕದ ಅಂಗಡಿಯಲ್ಲಿ ಕ್ಷೌರಿಕ ರೇಡಿಯೋ ಆರಿಸಿದ.

ಅಧ್ಯಕ್ಷರ ಎದುರಿಗೇ ಎರಡೂ ಹೋಳು ಹೂತದ್ದಾಯಿತು. ಅಲ್ಲಿಂದ ದೊಡ್ಡಪ್ಪನಿಗೆ ಹೊಸ ರೋಗ ಹತ್ತಿತು. ಹೆಂಡತಿಗೆ ಚಹಾ ಕೊಡುವ ನೆಪದಲ್ಲಿ ದಿನಾ ಬಯಲಿಗೆ ಬಂದು, ಹುಲ್ಲಿನ ನಡುವೆ ಆ ಜಾಗದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೆಲ ದಿಟ್ಟಿಸುವುದು. "ತಿನ್ನಿ, ತಿನ್ನಿ, ಸಂಕೋಚ ಬೇಡ," ಎಂದು ಮಣ್ಣಿಗೆ ಉಪಚಾರ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಮರುಕ್ಷಣವೇ ಮುಖ ಸಪ್ಪೆಯಾಗುತ್ತಿತ್ತು. ಒಂದು ದಿನ ಮೇಡಂ ಅವರ ಕೈಗೆ ಭೂತಗನ್ನಡಿ ಕೊಟ್ಟು ಬಾಟಲಿಯಲ್ಲಿದ್ದದ್ದನ್ನು ತೋರಿಸಿದರು. ದೊಡ್ಡಪ್ಪ ಬಹಳ ಹೊತ್ತು ನೋಡಿದರು.

"ಇದಕ್ಕೆ ಕಾಲಿದೆ! ಅಂಗಿ ಗುಂಡಿಗೆ ಕಾಲು ಬಂದ ಹಾಗಿದೆ. ಮೇಡಂ, ಇಷ್ಟೇ ಇಷ್ಟು ಬಾಯಿಗೆ ನನ್ನ ಹೊಲಿಗೆ ಬಗ್ಗುತ್ತಾ?"

"ಇದೊಂದೇ ಅಲ್ಲ ಅಲ್ವಾ, ಜೊತೆಗೆ ಶಿಲೀಂಧ್ರ ಇದೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ಬಗ್ಗಬೇಕು ಅಂತ ನಿಮಗೆ ಆಸೆ ಇದೆಯೋ, ಬಗ್ಗಬಾರದು ಅಂತಲೋ?"

"ಅದೇ ಗೊತ್ತಾಗ್ತಿಲ್ಲ ನೋಡಿ," ಎಂದರು ದೊಡ್ಡಪ್ಪ. "ಬಟ್ಟೆ ಹೋಗಲಿ. ಹೊಲಿಗೆ ಮಾತ್ರ ಉಳಿಯಲಿ ಅಂತ ಒಂದು ಸಣ್ಣ ದುರಾಸೆ." ದೊಡ್ಡಮ್ಮ ಪಕ್ಕದಲ್ಲೇ ಇದ್ದಳು. ಕೇಳಿಸಿಕೊಂಡರೂ ಕೇಳಿಸದವಳಂತೆ ಕೋಳಿ ಓಡಿಸಲು ಹೋದಳು.

ತೆಗೆಯುವ ದಿನ ಬಂತು. ಈ ಸಲ ದೊಡ್ಡಪ್ಪ ಮುಂದಿನ ಸಾಲಿನಲ್ಲಿರಲಿಲ್ಲ, ನನ್ನ ಟ್ರಕ್ಕಿಗೆ ಒರಗಿ ನಿಂತಿದ್ದರು. ಬೋಳು ನೆಲದಿಂದ ಬಲಭಾಗ ಬಂತು: ಕಲೆಯಾಗಿ, ಕಂದಾಗಿ, ಅಲ್ಲೊಂದು ಇಲ್ಲೊಂದು ತೂತು, ಆದರೆ ಅಂಗಿ ಎಂದು ಗುರುತಿಸಬಹುದಾಗಿತ್ತು. ತೋಳಿನೊಳಗೆ ಕೈ ಕೂಡ ತೂರಿಸಬಹುದಾಗಿತ್ತು. ಆಮೇಲೆ ಹುಲ್ಲಿನ ಬುಡ. ಮೇಡಂ ಸನಿಕೆ ಬದಿಗಿಟ್ಟು ಕೈಯಿಂದಲೇ ಉದುರು ಎಲೆ ಸರಿಸಿ ಮಣ್ಣು ಕೆದಕಿದರು. ತೋಳಿನ ಗುಂಡಿ ಸಿಕ್ಕಿತು. ಜೇಬಿನ ಗುಂಡಿ. ಇನ್ನೂ ಕೆದಕಿದರು. ಬೆನ್ನಿಲ್ಲ, ತೋಳಿಲ್ಲ. ಬೇರುಗಳ ನಡುವೆ ಜೇಡರ ಬಲೆಯಷ್ಟು ತೆಳುವಾದ ಏನೋ ಬೆರಳಿಗೆ ತಾಗಿ ಪುಡಿಯಾಯಿತು. ಕೊನೆಗೆ ಎರಡು ಪದರಿದ್ದ ಜೇಬಿನ ಮೂಲೆ ಮಾತ್ರ, ಅಂಗೈಯಗಲ, ಮಣ್ಣಿನ ಬಣ್ಣದ್ದು. ಅದನ್ನು ಎತ್ತಿದರೆ ಒಳಗಿನಿಂದ ಒಂದು ಕೊಬ್ಬಿದ ಎರೆಹುಳು ನಿದ್ದೆಗೆಟ್ಟ ಸಿಟ್ಟಿನಲ್ಲಿ ಹೊರಳಾಡುತ್ತಾ ಹೊರಬಂತು.

ಅಧ್ಯಕ್ಷರು ಕನ್ನಡಕ ಏರಿಸುವ ಅಗತ್ಯ ಬೀಳಲಿಲ್ಲ. "ಇದು ಕಾಣ್ತಿದೆ," ಎಂದರು.

ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆಮೇಲೆ ಎಲ್ಲರ ಎದುರಿಗೇ ಅತ್ತಳು. ಬಕೆಟ್ಟು ನೀರು ಚೆಲ್ಲುತ್ತಿದ್ದ ಇತರ ಹೆಂಗಸರೂ ಅತ್ತರು. ನಾನೂ ಅತ್ತೆ, ಡ್ರೈವರ್ ಆದರೇನು. ಹುಲ್ಲನ್ನು ಉಳಿಸಿಕೊಳ್ಳಬಹುದು ಎಂದು ಅಧ್ಯಕ್ಷರು ಅಲ್ಲೇ ಹೇಳಿದರು. ಎಲೆ ಪೂರ್ತಿ ಉದುರಿದ ಮೇಲೆಯೇ ಕೊಯ್ಯಬೇಕು, ತೂಕದ ಆಸೆಗೆ ಮೊದಲೇ ಕೊಯ್ದರೆ ಮಣ್ಣಿನ ಬಾಯಿಂದ ಅನ್ನ ಕಿತ್ತುಕೊಂಡ ಹಾಗೆ, ಮತ್ತು ಕೋಳಿಗಳ ಮೇಲಿನ ನಿಷೇಧ ಮುಂದುವರಿಯುತ್ತದೆ ಎಂದು ಮೇಡಂ ಎಚ್ಚರಿಸಿದರು.

ದೊಡ್ಡಪ್ಪ ಮಾತ್ರ ಟ್ರಕ್ಕು ಬಿಟ್ಟು ಬಂದಿರಲಿಲ್ಲ. ದೊಡ್ಡಮ್ಮ ಜೇಬಿನ ತುಂಡನ್ನು ತೆಗೆದುಕೊಂಡು ಹೋಗಿ ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಸ್ತಾದರು ಎಳೆದು ನೋಡಿದ ಹಾಗೆ, ಮೆಲ್ಲಗೆ ಎಳೆದರು. ಹೊಲಿಗೆ ಬಿಟ್ಟುಕೊಂಡಿತು.

"ಕದಲಿತು," ಎಂದರು. ಆಮೇಲೆ ಅವರಿಗೂ ನಗು ಬಂತು. "ಜೀವಮಾನದ ಕೆಲಸ ಮಣ್ಣುಪಾಲಾಯ್ತು ಕಣೇ. ಇಷ್ಟು ಸೊಗಸಾಗಿ ಹಾಳಾಗಿದ್ದನ್ನ ನಾನು ಎಲ್ಲೂ ನೋಡಿಲ್ಲ." ನಗುತ್ತಲೇ ತಲೆಯೆತ್ತಿ ಹೆಂಡತಿಯನ್ನು ನೋಡಿದವರು ಹಾಗೇ ನೋಡುತ್ತಾ ನಿಂತರು. ಬಣ್ಣಗೆಟ್ಟ ಕೋಟು, ಮೊಣಕೈಗಿಂತ ಮೇಲಕ್ಕೇ ಬಿಗಿದು ನಿಂತ ತೋಳು. "ಎಷ್ಟು ಹಳೇದಾಗಿದೆ ಇದು!" ಎಂದರು, ಯಾರೋ ಈಗಷ್ಟೇ ಅದನ್ನು ಅವಳಿಗೆ ತೊಡಿಸಿದ ಹಾಗೆ.

"ಹರಿದಿಲ್ಲವಲ್ಲ," ಎಂದಳು ದೊಡ್ಡಮ್ಮ.

"ಹರೀದೆ ಇದ್ರೇನಂತೆ."

ಅಂದೇ ಸಂಜೆ ಅಂಗಡಿಯಲ್ಲಿ ಅವಳನ್ನು ಬೆಳಕಿಗೆ ನಿಲ್ಲಿಸಿ ಅಳತೆ ತೆಗೆದರು. ಮದುವೆಯ ವರ್ಷದ ಅಳತೆಯನ್ನೇ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ. ಟೇಪು ಪ್ರತಿ ಸಲ ಸುತ್ತಿದಾಗಲೂ ಹೊಸ ಸಂಖ್ಯೆ ಕಂಡು "ಓಹೋ" ಎನ್ನುತ್ತಿದ್ದರು, ದೊಡ್ಡಮ್ಮ "ಬಾಯಿ ಮುಚ್ಚಿ ಅಳೀರಿ" ಎನ್ನುತ್ತಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಈಗ ಜೇಬಿನ ತುಂಡು ಮತ್ತು ಎರಡು ಗುಂಡಿ ಇವೆ. ಅದರ ಕಥೆಯೂ ಕ್ಷೌರಿಕನಿಗೆ ಬಾಯಿಪಾಠವಾಗಿದೆ.

ಹೊಸ ಕೋಟು ನೀಲಿ ಬಣ್ಣದ್ದು, ಹತ್ತಿಯದ್ದು, ಹತ್ತಿ ದಾರದ್ದು. ಅದನ್ನು ತೊಟ್ಟು ಕನ್ನಡಿಯ ಮುಂದೆ ಎರಡೂ ಕೈ ಮೇಲೆತ್ತಿ ನೋಡಿಕೊಂಡ ದೊಡ್ಡಮ್ಮ ಒಂದು ಮಾತು ಕೇಳಿದಳು.

"ರೀ, ಇದು ಬೇಗ ಹರಿಯುತ್ತಾ?"

"ಹರಿಯುತ್ತೆ."

"ಆಮೇಲೆ?"

"ಆಮೇಲೆ ಮತ್ತೆ ಅಳತೆ ತಗೊಂಡು ಇನ್ನೊಂದು ಹೊಲಿತೀನಿ."

ಮೊನ್ನೆ ಪೆಂಡಿ ತುಂಬಲು ಹೋದಾಗ ನೋಡಿದೆ. ಹುಲ್ಲಿನ ಅಂಚಿನಲ್ಲಿ ದೊಡ್ಡಮ್ಮ ಒಬ್ಬಳೇ ಇದ್ದ ಹಾಗಿತ್ತು. ಆ ಕಡೆ ಈ ಕಡೆ ಕಣ್ಣಾಡಿಸಿ, ನಾನು ಟ್ರಕ್ಕಿನೊಳಗೆ ಇರುವುದು ಕಾಣದೆ, ಬೇಲಿಯ ಹತ್ತಿರ ಹೋದಳು. ನೀಲಿ ಕೋಟಿನ ತೋಳನ್ನು ತಂತಿಗೆ ಸಿಕ್ಕಿಸಿ ಬೇಕಂತಲೇ ಎಳೆದಳು. ಬಟ್ಟೆ ಹರಿಯಿತು. ತೂತಿಗೆ ಬೆರಳು ತೂರಿಸಿ ನೋಡಿಕೊಂಡು, ಮನೆಯ ಕಡೆ ಬೇಗ ಬೇಗ ಹೆಜ್ಜೆ ಹಾಕಿದಳು.